ಮಳೆಗಾಲದಲ್ಲಿ ಚರ್ಮದ ಫ್ಲೈಟ್ ಜಾಕೆಟ್ ಉಳಿಸಿಕೊಳ್ಳುವುದು ಹೇಗೆ: ಕಾರವಾರ, ಶಿರಸಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಚೌತಿ ಹೊತ್ತಿಗೆ ಕಪಾಟು ತೆಗೆದರೆ ಚರ್ಮದ ಫ್ಲೈಟ್ ಜಾಕೆಟ್, ಅಂದರೆ ವಿಮಾನ ಚಾಲಕರ ಮಾದರಿಯ ಜಾಕೆಟ್ ಮೇಲೆಲ್ಲ ಬಿಳಿ ಬೂಷ್ಟು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರು ಪ್ರತಿ ವರ್ಷ ಹೇಳುವುದು ಇದನ್ನೇ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರ ಕಥೆಯೂ ಬೇರೆ ಅಲ್ಲ. ಇವರಲ್ಲಿ ಹೆಚ್ಚಿನವರು ಜಾಕೆಟನ್ನು ಅಲಕ್ಷ್ಯ ಮಾಡಿದವರೂ ಅಲ್ಲ. ಮಳೆ ಶುರುವಾಗುವ ಮೊದಲೇ ಚೆನ್ನಾಗಿ ಎಣ್ಣೆ ತಿಕ್ಕಿ, ಪ್ಲಾಸ್ಟಿಕ್ ಕವರ್ ಹಾಕಿ, ಕಪಾಟಿನ ಮೂಲೆಯಲ್ಲಿ ಜೋಪಾನವಾಗಿ ಇಟ್ಟವರು. ತೊಂದರೆ ಶುರುವಾಗುವುದೇ ಅಲ್ಲಿ.

ಬೂಷ್ಟಿಗೆ ಬೇಕಾದದ್ದು ಎರಡೇ: ತೇವ ಮತ್ತು ಆಹಾರ. ಗಾಳಿಯ ತೇವಾಂಶ ಶೇ. 65ರಿಂದ 70 ದಾಟಿ ಹಾಗೇ ನಿಂತರೆ ಚರ್ಮದ ಮೇಲೆ ಬೂಷ್ಟು ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ತೇವಾಂಶ ಹೆಚ್ಚಾಗಿ ಶೇ. 80ರ ಮೇಲೆಯೇ ಇರುತ್ತದೆ. ಆಹಾರವನ್ನು ಎಣ್ಣೆಯ ರೂಪದಲ್ಲಿ ನಾವೇ ಹಚ್ಚಿ ಕೊಡುತ್ತೇವೆ. ಪ್ಲಾಸ್ಟಿಕ್ ಕವರ್ ಒಳಗಿನ ತೇವ ಹೊರಗೆ ಹೋಗದಂತೆ ತಡೆಯುತ್ತದೆ.

ಸರಿಯಾದ ಕ್ರಮ ಹೀಗೆ: ಮೊದಲು ಒಣಗಿಸಿ, ಬ್ರಷ್ ಮಾಡಿ, ಒರೆಸಿ, ಮತ್ತೆ ಒಣಗಿಸಿ, ಆಮೇಲೆ ಬೇಕಿದ್ದರೆ ತೆಳುವಾಗಿ ಕಂಡಿಷನರ್ (ಚರ್ಮ ಮೆತ್ತಗಿಡಲು ಹಚ್ಚುವ ಮುಲಾಮು), ಕೊನೆಗೆ ಒಣ ಜಾಗದಲ್ಲಿ ಇಡಿ. ಈ ಕ್ರಮ ಒಂದನ್ನು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಏನೇನು ಬೇಕು

ಎಲ್ಲಕ್ಕಿಂತ ಮೊದಲು ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದಿಲ್ಲದಿದ್ದರೆ ಮುಂದಿನದ್ದೆಲ್ಲ ಬರೀ ಅಂದಾಜು. ದುಬಾರಿ ಕಂಡಿಷನರ್ ಡಬ್ಬಿಗೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ.

ಮೆತ್ತನೆಯ ಕೂದಲಿನ ಬ್ರಷ್ ಎರಡು ಬೇಕು, ಒಂದು ಬೂಷ್ಟಿಗೆ, ಇನ್ನೊಂದು ಮಾಮೂಲಿ ಧೂಳಿಗೆ. ಇವೆರಡು ಯಾವತ್ತೂ ಅದಲು ಬದಲಾಗಬಾರದು. ಹಳೆಯ ಬಿಳಿ ಬನಿಯನ್ ಬಟ್ಟೆ ನಾಲ್ಕೈದು ತುಂಡು ಇರಲಿ. ಬಣ್ಣ ಬಿಡುತ್ತಿದೆಯೋ ಇಲ್ಲವೋ ಬಿಳಿ ಬಟ್ಟೆಯಲ್ಲಿ ತಕ್ಷಣ ಕಾಣುತ್ತದೆ. ಮೆಡಿಕಲ್ ಶಾಪಿನಿಂದ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ, ಡಿಸ್ಟಿಲ್ಡ್ ನೀರು, ಒಂದು ಮಾಸ್ಕ್ ತನ್ನಿ. ಭುಜದ ಜಾಗದಲ್ಲಿ ದಪ್ಪಗಿರುವ ಮರದ ಹ್ಯಾಂಗರ್ ಬೇಕು. ತಂತಿಯ ಹ್ಯಾಂಗರ್‌ನಲ್ಲಿ ಎರಡು ಕಿಲೋ ತೂಗುವ ಜಾಕೆಟ್ ನೇತು ಹಾಕಿದರೆ ಭುಜದಲ್ಲಿ ಗೂಟ ಏಳುತ್ತದೆ, ಅದು ಮತ್ತೆ ಇಳಿಯುವುದಿಲ್ಲ.

ಸಿಲಿಕಾ ಜೆಲ್ ಅರ್ಧದಿಂದ ಒಂದು ಕಿಲೋ ಬೇಕು. ಬಣ್ಣ ಬದಲಾಗುವ ಕಿತ್ತಳೆ ಜಾತಿಯದ್ದನ್ನೇ ಕೇಳಿ. ನೀಲಿ ಜಾತಿಯಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಲು ಅದು ಒಳ್ಳೆಯದಲ್ಲ. ಜೊತೆಗೆ ರಬ್ಬರ್ ಅಂಚಿನ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಒಂದು.

ಹಂತ 1: ನಿಮ್ಮ ಜಾಕೆಟ್ ಯಾವುದು ಅಂತ ತಿಳಿದುಕೊಳ್ಳಿ

ಮೊದಲ ಪ್ರಶ್ನೆ: ಅದು ನಿಜವಾದ ಚರ್ಮವೇ? ಕಾಲರ್ ಕೆಳಗೋ ಜೇಬಿನ ಒಳಗೋ ಕತ್ತರಿಸಿದ ಅಂಚು ಹುಡುಕಿ. ಚರ್ಮವಾದರೆ ಅಂಚಿನಲ್ಲಿ ಎಳೆ ಎಳೆಯಾದ ನಾರು ಕಾಣುತ್ತದೆ. ಬಟ್ಟೆಯ ಮೇಲೆ ತೆಳು ಪದರ ಅಂಟಿಸಿದಂತೆ ಕಂಡರೆ ಅದು ಪಿಯು, ಅಂದರೆ ಪ್ಲಾಸ್ಟಿಕ್. ಪಿಯು ತೇವಕ್ಕೆ ಒಳಗಿನಿಂದಲೇ ಕೊಳೆತು ಪದರ ಪದರವಾಗಿ ಉದುರುತ್ತದೆ. ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಎರಡನೆಯದು, ಮಾದರಿ. ಅಮೆರಿಕದ ಸೇನೆಯ ವೈಮಾನಿಕ ದಳ 1931ರಲ್ಲಿ ಒಪ್ಪಿಕೊಂಡ ಎ-2 ಮಾದರಿಯ ಜಾಕೆಟ್ ನಿಮ್ಮದಾದರೆ, ಮುಂದೆ ಮುಚ್ಚಳವಿರುವ ಎರಡು ಜೇಬು, ಟಿಚ್ ಬಟನ್‌ನಿಂದ ಕೂರುವ ಕಾಲರ್, ತೋಳಿನ ತುದಿಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆ ಪಟ್ಟಿ ಇರುತ್ತದೆ. ಜೇಬಿನ ಮುಚ್ಚಳದ ಕೆಳಗೆ, ಕಾಲರ್ ಮಡಿಕೆಯಲ್ಲಿ, ಜಿಪ್ ಹಿಂದಿನ ಪಟ್ಟಿಯಲ್ಲಿ ಬೂಷ್ಟು ಮೊದಲು ಕೂರುತ್ತದೆ. ಅಮೆರಿಕದ ನೌಕಾಪಡೆಯ ಜಿ-1 ಮಾದರಿಯಾದರೆ ತುಪ್ಪಳದ ಕಾಲರ್ ಇರುತ್ತದೆ. ಕೈ ಮುಂದೆ ಚಾಚಲು ಅನುಕೂಲವಾಗುವಂತೆ ಬೆನ್ನಿನ ಎರಡೂ ಕಡೆ ಮಡಿಕೆ ಕೊಟ್ಟಿರುತ್ತಾರೆ. ಆ ಮಡಿಕೆ ಬಿಡಿಸಿ ನೋಡಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಬೂಷ್ಟು ಗೂಡು ಕಟ್ಟಿರುತ್ತದೆ, ಹೆಚ್ಚಿನವರಿಗೆ ತಪ್ಪಿಹೋಗುವ ಜಾಗ ಅದು.

ಕುರಿಯ ಉಣ್ಣೆ ಸಮೇತ ಚರ್ಮದಿಂದ ಮಾಡುವ ಬಿ-3 ಮಾದರಿಯವರಿಗೆ ನನ್ನ ಸಲಹೆ ನೇರ: ಅದನ್ನು ಕರಾವಳಿಯಲ್ಲಿ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಹಳಿಯಾಳದಲ್ಲೋ ಹುಬ್ಬಳ್ಳಿಯಲ್ಲೋ ನಂಟರಿದ್ದರೆ ಮೇ ತಿಂಗಳಲ್ಲೇ ಅಲ್ಲಿಗೆ ಕಳಿಸಿ. ಅಲ್ಲಿ ಮಳೆ ಕಾರವಾರಕ್ಕಿಂತ ಎಷ್ಟೋ ಕಡಿಮೆ. ಬೇರೆ ಮಾದರಿಯವರೂ ಹೀಗೆ ಮಾಡಬಹುದು, ತಪ್ಪೇನಿಲ್ಲ.

ಮೂರನೆಯದು, ಚರ್ಮದ ಮೇಲ್ಮೈ. ಕಾಣದ ಜಾಗದಲ್ಲಿ, ಉದಾಹರಣೆಗೆ ಜೇಬಿನ ಮುಚ್ಚಳದ ಕೆಳಗೆ, ಒಂದು ಹನಿ ಡಿಸ್ಟಿಲ್ಡ್ ನೀರು ಇಡಿ. ಹನಿ ಹಾಗೇ ನಿಂತರೆ ಮೇಲೆ ಬಣ್ಣದ ರಕ್ಷಣಾ ಪದರವಿದೆ, ಧೈರ್ಯವಾಗಿ ಒರೆಸಬಹುದು. ತಕ್ಷಣ ಹೀರಿ ಕಪ್ಪಾದರೆ ಪದರ ತೆಳು. ಅಂಥ ಚರ್ಮಕ್ಕೆ ಮುಂದಿನ ಎಲ್ಲ ಹಂತಗಳಲ್ಲೂ ಅರ್ಧದಷ್ಟು ತೇವ ಸಾಕು.

ಹಂತ 2: ಮೀಟರ್ ಸರಿಯಿದೆಯೇ ಪರೀಕ್ಷಿಸಿ

ಅಗ್ಗದ ಮೀಟರ್‌ಗಳು ಐದಾರು ಅಂಕ ಆಚೀಚೆ ತೋರಿಸುವುದು ಮಾಮೂಲು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರ್ ಶೇ. 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ ಐದು ಜಾಸ್ತಿ ಹೇಳುತ್ತಿದೆ ಎಂದರ್ಥ. ಅದರ ಹಿಂದೆ ಚೀಟಿ ಅಂಟಿಸಿ ಬರೆದಿಡಿ.

ಇಲ್ಲಿ ನಮ್ಮ ಕಡೆಯವರು ಮಾಡುವ ಒಂದು ತಪ್ಪಿದೆ. ಸಾಣಿಕಟ್ಟಾದ ಹರಳುಪ್ಪು ಮನೆಯಲ್ಲಿ ಇರುತ್ತದಲ್ವಾ, ಅದನ್ನೇ ಹಾಕುತ್ತಾರೆ. ಅಡುಗೆಗೆ ಅದು ಬಹಳ ಒಳ್ಳೆಯದು, ಈ ಪರೀಕ್ಷೆಗೆ ಬೇಡ. ಶುದ್ಧ ಮಾಡದ ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳು ಇರುತ್ತವೆ, ಅವು ತೇವ ಹೀರಿ ಲೆಕ್ಕ ತಪ್ಪಿಸುತ್ತವೆ. ಪ್ಯಾಕೆಟ್‌ನ ಪುಡಿ ಉಪ್ಪೇ ಬಳಸಿ.

ಹಂತ 3: ಒಣಗಿಸುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯ, ಜನ ಅವಸರ ಮಾಡುವುದೂ ಇಲ್ಲೇ. ಕೈಗೆ ಒಣಗಿದಂತೆ ಅನ್ನಿಸುವ ಜಾಕೆಟ್ ಒಳಗೂ ನೀರು ಇರುತ್ತದೆ. ಶೇ. 80ರ ಗಾಳಿಯಲ್ಲಿ ನೇತಾಡಿದ ಜಾಕೆಟನ್ನು ಶೇ. 55ಕ್ಕೆ ತರಬೇಕಾದರೆ ಅದರಿಂದ ಸುಮಾರು ನೂರು ಗ್ರಾಂ ನೀರು ಹೊರಬರಬೇಕಾಗುತ್ತದೆ. ಅದನ್ನು ಹಾಗೇ ಪೆಟ್ಟಿಗೆಯಲ್ಲಿ ಮುಚ್ಚಿದರೆ ಆ ನೀರೂ ಒಳಗೇ ಉಳಿಯಿತು.

ವರ್ಷದ ದೊಡ್ಡ ಶುಚಿ ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಮುಗಿಸಿ. ಆಗ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಶುರುವಾದರೆ ಮೀಟರ್ ಏರುವುದನ್ನು ನೀವೇ ನೋಡಬಹುದು. ಜಾಕೆಟನ್ನು ಜಗಲಿಯಲ್ಲಿ, ನೆರಳಲ್ಲಿ, ಜಿಪ್ ಮತ್ತು ಜೇಬು ತೆರೆದು ನೇತು ಹಾಕಿ. ಮೀಟರ್ ಶೇ. 60 ದಾಟುವಷ್ಟರಲ್ಲಿ ಒಳಗೆ ತನ್ನಿ.

ಕೊನೆಯ ಒಣಗಿಸುವಿಕೆ ಮೇ ಕೊನೆಯ ವಾರದಲ್ಲಿ, ಮೃಗಶಿರಾ ಮಳೆ ಹಿಡಿಯುವ ಮೊದಲು. ಆಗ ಹೊರಗಿನ ಗಾಳಿ ನಂಬಲಾಗದು. ಮನೆಯಲ್ಲಿ ಎಸಿ ಇದ್ದರೆ ಕೋಣೆ ಮುಚ್ಚಿ ಡ್ರೈ ಮೋಡ್‌ನಲ್ಲಿ ಹಾಕಿ, ಫ್ಯಾನ್ ಜೊತೆಗೆ ಒಂದು ದಿನ ಪೂರ್ತಿ ಬಿಡಿ. ಎಸಿ ಇಲ್ಲದವರು ಪೆಟ್ಟಿಗೆಯಲ್ಲೇ ಸಿಲಿಕಾ ಜೆಲ್‌ನಿಂದ ಒಣಗಿಸಬಹುದು, ನಿಧಾನ ಅಷ್ಟೇ. ಮೊದಲ ಕಂತು ಬಣ್ಣ ಬದಲಿಸಿದಾಗ ತೆಗೆದು ಎರಡನೆಯದು ಹಾಕಬೇಕು. ಪೆಟ್ಟಿಗೆಯೊಳಗಿನ ಮೀಟರ್ ಶೇ. 50ರ ಸುಮಾರಿಗೆ ಬಂದು ಎರಡು ದಿನ ಅಲ್ಲೇ ನಿಂತರೆ ಜಾಕೆಟ್ ನಿಜವಾಗಿ ಒಣಗಿದೆ.

ಯಾವ ಕಾರಣಕ್ಕೂ ಮಾಡಬಾರದ್ದು: ಬಿಸಿಲಿಗೆ ಹರಡುವುದು, ಮಳೆಗಾಲದಲ್ಲಿ ಬಟ್ಟೆ ಒಣಗಿಸಿದಂತೆ ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುವುದು, ಅಡಿಕೆ ಡ್ರೈಯರ್‌ನಲ್ಲಿ ಇಡುವುದು. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರು ಮುದುಡಿ ಗಟ್ಟಿಯಾಗುತ್ತದೆ. ಕ್ರೋಮ್‌ನಿಂದ ಹದ ಮಾಡಿದ ಚರ್ಮ ಸ್ವಲ್ಪ ತಡೆಯುತ್ತದೆ, ಮರದ ತೊಗಟೆಯಿಂದ ಹದ ಮಾಡಿದ್ದು ಬೇಗ ಸೋಲುತ್ತದೆ. ಹಾಗೆ ಮುದುಡಿದ್ದು ಮತ್ತೆ ಮೆತ್ತಗಾಗುವುದಿಲ್ಲ. ಒಲೆಯ ಹೊಗೆ ವಾಸನೆ ಹೋಗುವುದಂತೂ ದೂರದ ಮಾತು.

ಹಂತ 4: ಬಿಳಿ ಪದರ ಬೂಷ್ಟೋ, ಜಿಡ್ಡೋ?

ಎಲ್ಲ ಬಿಳಿಯೂ ಬೂಷ್ಟಲ್ಲ. ಚರ್ಮದೊಳಗಿನ ಕೊಬ್ಬು ಹೊರಗೆ ಬಂದು ಬಿಳಿ ಮಂಜಿನಂತೆ ಕೂರುವುದೂ ಉಂಟು. ಚಳಿಯ ದಿನಗಳಲ್ಲಿ ಶಿರಸಿ ಕಡೆ ಇದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು, ಒಂದು ಮೊಳ ದೂರದಿಂದ ಕೆಲವೇ ಸೆಕೆಂಡು ಹಿಡಿಯಿರಿ. ಕರಗಿ ಮಾಯವಾದರೆ ಜಿಡ್ಡು, ಒಣ ಬಟ್ಟೆಯಿಂದ ಒರೆಸಿದರೆ ಆಯಿತು. ಹಾಗೇ ಉಳಿದರೆ ಬೂಷ್ಟು. ಬೂಷ್ಟು ಚುಕ್ಕೆ ಚುಕ್ಕೆಯಾಗಿ, ಹತ್ತಿರದಿಂದ ನೋಡಿದರೆ ಸಣ್ಣ ಕೂದಲಿನಂತೆ ಎದ್ದಿರುತ್ತದೆ. ಹಸಿರು, ಕಪ್ಪು ಬಣ್ಣವೂ ಇರಬಹುದು. ಮಣ್ಣು ವಾಸನೆ ಇರುತ್ತದೆ.

ಹಂತ 5: ಬೂಷ್ಟು ತೆಗೆಯುವುದು

ಈ ಕೆಲಸ ಅಂಗಳದಲ್ಲಿ ಆಗಲಿ, ಮನೆಯೊಳಗೆ ಬೇಡ. ಬ್ರಷ್ ಮಾಡಿದಾಗ ಕಣ್ಣಿಗೆ ಕಾಣದ ಬೀಜಗಳು ಹಾರಿ ಹಾಸಿಗೆ, ಪರದೆ, ಚಪ್ಪಲಿ ಎಲ್ಲಕ್ಕೂ ಅಂಟುತ್ತವೆ. ಮಾಸ್ಕ್ ಹಾಕಿ. ಉಬ್ಬಸ ಇರುವವರು ಬೇರೆಯವರಿಗೆ ಒಪ್ಪಿಸಿ.

ಒಣ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ, ಗಾಳಿ ಬೀಸುವ ದಿಕ್ಕಿಗೆ ಹೊಡೆಯಿರಿ. ಹೊಲಿಗೆಗಳಲ್ಲಿ ಉದ್ದಕ್ಕೆ ಹೋಗಿ. ಹೊಲಿಗೆಯ ತೂತುಗಳಲ್ಲಿ ಕೂತ ಬೂಷ್ಟು ಅಡ್ಡ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ.

ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಡಿಸ್ಟಿಲ್ಡ್ ನೀರು ಸಮ ಸಮ ಬೆರೆಸಿ. ಕಾಣದ ಜಾಗದಲ್ಲಿ ಮೊದಲು ಪರೀಕ್ಷೆ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಬರೀ ನೀರಿನಿಂದ ಹಿಂಡಿದ ಬಟ್ಟೆಯೇ ನಿಮಗೆ ಗತಿ. ಬಣ್ಣ ಹತ್ತದಿದ್ದರೆ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಒಂದೊಂದೇ ಭಾಗ ಒರೆಸಿ. ಒರೆಸಿದ ಬಟ್ಟೆಯ ಮುಖ ಪ್ರತಿ ಸಲ ಬದಲಿಸಿ. ಅದೇ ಮುಖದಿಂದ ಎದೆ ಒರೆಸಿ ತೋಳಿಗೆ ಬಂದರೆ ತೋಳಿಗೆ ಬೂಷ್ಟು ಬಿತ್ತಿದಂತೆ. ಒಳಗಿನ ಲೈನಿಂಗ್, ಜೇಬಿನ ಒಳಭಾಗ ಬಿಡಬೇಡಿ. ಆಲ್ಕೋಹಾಲ್‌ಗೆ ಬೆಂಕಿ ಬೇಗ ಹತ್ತುತ್ತದೆ, ಹತ್ತಿರದಲ್ಲಿ ಒಲೆ, ದೀಪ ಇರಬಾರದು.

ಬೆನ್ನ ಮೇಲೆ ಚಿತ್ರ ಬರೆಸಿಕೊಂಡವರು ಗಮನವಿಟ್ಟು ಓದಿ. ಆಲ್ಕೋಹಾಲ್ ಅಕ್ರಿಲಿಕ್ ಬಣ್ಣವನ್ನು ಎಬ್ಬಿಸುತ್ತದೆ. ಚಿತ್ರದ ಅಂಚಿನಿಂದ ಎರಡು ಬೆರಳು ದೂರವೇ ನಿಲ್ಲಿ, ಚಿತ್ರದ ಮೇಲೆ ಒಣ ಬ್ರಷ್ ಮಾತ್ರ. ಎದೆಯ ಮೇಲೆ ಹೊಲಿದ ಪ್ಯಾಚ್ ಇದ್ದರೆ ಅದರ ಅಡಿಯಲ್ಲಿ ತೇವ ಉಳಿಯುತ್ತದೆ, ಅಲ್ಲಿಗೆ ಫ್ಯಾನ್ ಗಾಳಿ ಜಾಸ್ತಿ ಹೊತ್ತು ಬೇಕು.

ಬ್ಲೀಚ್, ಸ್ನಾನದ ಸೋಪು, ಅಂಟುವಾಳ, ಶಾಂಪೂ ಯಾವುದೂ ಬೇಡ. ಚರ್ಮ ಸ್ವಭಾವದಿಂದ ಸ್ವಲ್ಪ ಆಮ್ಲೀಯ, ಸೋಪು ಅದಕ್ಕೆ ವಿರುದ್ಧ. ವಿನೆಗರ್ ಹಾಕುವವರೂ ಇದ್ದಾರೆ. ಬಣ್ಣ ಮಂಕಾಗುವ ಭಯ ಇರುವುದರಿಂದ ನಾನು ಹೇಳುವುದಿಲ್ಲ.

ಒರೆಸಿದ ಮೇಲೆ ಎರಡು ದಿನ ಫ್ಯಾನ್ ಕೆಳಗೆ. ಆ ಹೊತ್ತಿನಲ್ಲಿ ಕಪಾಟನ್ನೂ ಅದೇ ದ್ರಾವಣದಿಂದ ಒರೆಸಿ, ಪಕ್ಕದಲ್ಲಿದ್ದ ಬೆಲ್ಟ್, ಶೂಗಳನ್ನೂ ನೋಡಿ. ಜಾಕೆಟ್ ಶುಚಿ ಮಾಡಿ ಬೂಷ್ಟು ಹಿಡಿದ ಕಪಾಟಿಗೇ ವಾಪಸ್ ಹಾಕಿದರೆ ವಾರದೊಳಗೆ ಮತ್ತೆ ಅದೇ ಕಥೆ.

ಹಂತ 6: ಹೆಣಿಗೆ ಪಟ್ಟಿ ಮತ್ತು ಜಿಪ್

ತೋಳು, ಸೊಂಟದ ಉಣ್ಣೆ ಪಟ್ಟಿಗೆ ಬೂಷ್ಟಿಗಿಂತ ಹುಳುವಿನ ಕಾಟ ದೊಡ್ಡದು. ಬೆವರು, ಊಟದ ಕಲೆ ಇರುವಲ್ಲೇ ಹುಳು ಮೊದಲು ತಿನ್ನುತ್ತದೆ. ಉಣ್ಣೆಗೆ ಹಾಕುವ ಮೃದು ದ್ರವ ಸೋಪಿನ ಒಂದೆರಡು ಹನಿ ಬೆರೆಸಿದ ನೀರಲ್ಲಿ ಬಟ್ಟೆ ಹಿಂಡಿ, ಪಟ್ಟಿಯನ್ನು ಒತ್ತಿ ಒತ್ತಿ ತೆಗೆಯಿರಿ. ಚರ್ಮದ ಹೊಲಿಗೆಗೆ ನೀರು ಇಳಿಯಬಾರದು. ನುಸಿಗುಳಿಗೆ ಹಾಕಲೇಬೇಕೆಂದರೆ ಬಟ್ಟೆ ಚೀಲದಲ್ಲಿ ಕಟ್ಟಿ, ಚರ್ಮಕ್ಕೆ ತಾಗದಂತೆ ನೇತು ಹಾಕಿ.

ಕಡಲ ಗಾಳಿಗೆ ಹಿತ್ತಾಳೆ ಜಿಪ್ ಹಸಿರಾಗುತ್ತದೆ. ಪಾತ್ರೆ ತಿಕ್ಕಿದ ಹಾಗೆ ಹುಣಸೆಹಣ್ಣು, ಲಿಂಬೆ ಹಾಕಬೇಡಿ. ಹುಳಿ ಇಳಿದು ಜಿಪ್‌ನ ಬಟ್ಟೆಯನ್ನೂ ಪಕ್ಕದ ಚರ್ಮವನ್ನೂ ಕೆಡಿಸುತ್ತದೆ. ಒಣ ಹಲ್ಲುಜ್ಜುವ ಬ್ರಷ್‌ನಿಂದ ಹಸಿರು ಉದುರಿಸಿ, ಮೇಣದ ಬತ್ತಿಯನ್ನು ಹಲ್ಲುಗಳ ಮೇಲೆ ತೆಳುವಾಗಿ ಎಳೆಯಿರಿ. ನಾಲ್ಕಾರು ಸಲ ಮೇಲೆ ಕೆಳಗೆ ಮಾಡಿದರೆ ಜಿಪ್ ಸಲೀಸು.

ಹಂತ 7: ಕಂಡಿಷನರ್, ವರ್ಷಕ್ಕೆ ಒಂದೇ ಸಲ

ಚರ್ಮ ಒಣಗಿ ಬಿರುಸಾಗಿದ್ದರೆ ಮಾತ್ರ ಈ ಹಂತ. ನಮ್ಮ ಕಡಲತೀರದ ಗಾಳಿಯಲ್ಲಿ ಚರ್ಮ ಒಣಗಿ ಸೀಳುವುದು ಅಪರೂಪ. ಆಗಾಗ ಕಂಡಿಷನರ್ ಹಚ್ಚಿ ಅಂತ ಬೆಂಗಳೂರಿನವರು, ಹೊರದೇಶದವರು ಕೊಡುವ ಸಲಹೆ ನಮಗೆ ಹೊಂದುವುದಿಲ್ಲ. ಮಾಡುವುದಿದ್ದರೆ ಫೆಬ್ರವರಿಯಲ್ಲೇ ಮಾಡಿ, ಹೆಚ್ಚಾದ ಅಂಶ ಆರಲು ಮಳೆಗಾಲದ ಮೊದಲು ತಿಂಗಳುಗಳ ಸಮಯ ಸಿಗುತ್ತದೆ. ಇಡೀ ಜಾಕೆಟಿಗೆ ಒಂದು ಚಮಚ ಸಾಕು. ಬಟ್ಟೆಗೆ ಹಚ್ಚಿ, ಬಟ್ಟೆಯಿಂದ ಚರ್ಮಕ್ಕೆ. ಮರುದಿನ ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಕೈಯಾಡಿಸಿದರೆ ಬೆರಳಿಗೆ ಜಿಡ್ಡು ಹತ್ತಬಾರದು.

ತೆಂಗಿನೆಣ್ಣೆ ಬೇಡವೇ ಬೇಡ. ಚರ್ಮದಲ್ಲಿ ಇಳಿದು ಕಪ್ಪು ಮಾಡುತ್ತದೆ, ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ, ಬೂಷ್ಟಿಗೆ ಹಬ್ಬದೂಟ. ಕಾಲು ಒಡೆದದ್ದಕ್ಕೆ ಹಚ್ಚುವ ಮುರುಗಲ ತುಪ್ಪವನ್ನು ಜಾಕೆಟಿಗೂ ತಿಕ್ಕಿದವರಿದ್ದಾರೆ. ಅದು ತಣ್ಣಗಾದ ಕೂಡಲೇ ಗಟ್ಟಿಯಾಗಿ ಚರ್ಮದ ಗೆರೆಗಳಲ್ಲಿ ಬಿಳಿಯಾಗಿ ಕೂರುತ್ತದೆ.

ಹಂತ 8: ಇಡುವುದು

ಎರಡು ದಾರಿ ಇವೆ, ನಿಮ್ಮ ಮನೆ ನೋಡಿ ಆರಿಸಿಕೊಳ್ಳಿ.

ದಿನಾ ಎಸಿ ಅಥವಾ ಒಳ್ಳೆಯ ಕಂಪ್ರೆಸರ್ ಡಿಹ್ಯೂಮಿಡಿಫೈಯರ್ ನಡೆಯುವ ಕೋಣೆ ಇದ್ದರೆ ಹ್ಯಾಂಗರ್‌ನಲ್ಲೇ ಇರಲಿ. ಹಳೆಯ ಹತ್ತಿ ಪಂಚೆ ಹೊದಿಸಿ. ಚಿರೇಕಲ್ಲಿನ ಹೊರಗೋಡೆಗೆ ತಾಗಿದ ಕಪಾಟು ಬೇಡ, ಆ ಗೋಡೆ ಮಳೆಗಾಲವಿಡೀ ತಣ್ಣಗೆ, ಒದ್ದೆ. ಜಾಕೆಟಿನ ಎರಡೂ ಕಡೆ ಒಂದು ಗೇಣು ಜಾಗ ಬಿಡಿ. ಮೇಜಿನ ಮೇಲೆ ಇಡುವ ಪುಟ್ಟ ಡಿಹ್ಯೂಮಿಡಿಫೈಯರ್‌ಗಳಿಂದ ನಮ್ಮ ಹವೆಯಲ್ಲಿ ಪ್ರಯೋಜನ ಕಡಿಮೆ.

ಕರೆಂಟು ದಿನಗಟ್ಟಲೆ ಹೋಗುವ ಊರಿನವರಿಗೆ, ಜೊಯಿಡಾ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳವರಿಗೆ, ಪೆಟ್ಟಿಗೆಯೇ ಒಳ್ಳೆಯದು. ಒಣಗಿದ ಜಾಕೆಟಿನ ತೋಳುಗಳಲ್ಲಿ ಬಿಳಿ ಹತ್ತಿ ಬಟ್ಟೆ ಸುರುಳಿ ತುಂಬಿ, ಆದಷ್ಟು ಕಡಿಮೆ ಮಡಿಕೆ ಹಾಕಿ ಮಲಗಿಸಿ. ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿರಲಿ, ಚರ್ಮದ ಮೇಲೆ ನೇರ ಬೇಡ. ಮೀಟರನ್ನು ಹೊರಗಿನಿಂದ ಕಾಣುವಂತೆ ಇಡಿ. ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಪೆಟ್ಟಿಗೆಯೊಳಗೆ ಇಡಬೇಡಿ. ಒಂದು ಸಲ ಮಗುಚಿದರೆ ಆ ನೀರು ಬಿದ್ದ ಚರ್ಮ ಗಟ್ಟಿಯಾಗುತ್ತದೆ.

ಗುರಿ ಶೇ. 45ರಿಂದ 55. ಶೇ. 40ಕ್ಕಿಂತ ಕೆಳಗೆ ಇಳಿದರೆ ಸ್ವಲ್ಪ ಜೆಲ್ ಹೊರಗೆ ತೆಗೆಯಿರಿ, ಅತಿ ಒಣಗಿದರೂ ಚರ್ಮ ಬಿರುಸಾಗುತ್ತದೆ. ಶೇ. 60 ಮುಟ್ಟಿದರೆ ಜೆಲ್ ಬದಲಿಸಿ. ಬಣ್ಣ ತಿರುಗಿದ ಕಿತ್ತಳೆ ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಹಂತ 9: ಮಳೆಗಾಲದ ನಡುವೆ

ವಾರಕ್ಕೊಮ್ಮೆ ಮೀಟರ್ ನೋಡಿದರೆ ಸಾಕು. ಹೇಗಿದೆಯೋ ನೋಡೋಣ ಅಂತ ಆಗಾಗ ಪೆಟ್ಟಿಗೆ ತೆರೆಯಬೇಡಿ, ಪ್ರತಿ ಸಲ ಹೊರಗಿನ ತೇವ ಒಳಗೆ ಹೋಗುತ್ತದೆ. ಆರಿದ್ರಾದಿಂದ ಆಶ್ಲೇಷಾ ಮಳೆವರೆಗೆ ತೆರೆಯುವ ಕೆಲಸ ಜೆಲ್ ಬದಲಿಸಲು ಮಾತ್ರ.

ಇದರ ನಡುವೆ ಜಾಕೆಟ್ ಹಾಕಿಕೊಂಡು ಹೋಗಿ ಮಳೆಗೆ ಸಿಕ್ಕಿದರೆ: ಜೇಬು ಖಾಲಿ ಮಾಡಿ, ಒಣ ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ದಪ್ಪ ಹ್ಯಾಂಗರ್‌ಗೆ ಹಾಕಿ ಕಾಲರ್, ಜೇಬಿನ ಮುಚ್ಚಳಗಳನ್ನು ಕೈಯಿಂದ ಆಕಾರಕ್ಕೆ ತನ್ನಿ, ಒದ್ದೆ ಇರುವಾಗ ಕೂತ ಆಕಾರವೇ ಉಳಿಯುತ್ತದೆ. ಫ್ಯಾನ್ ಕೆಳಗೆ ಎರಡು ಮೂರು ದಿನ ಬಿಟ್ಟು, ಆಮೇಲೆ ಹಂತ 3ಕ್ಕೆ ಹೋಗಿ. ಟಾಗೋರ್ ಕಡಲತೀರದಲ್ಲಿ ಸಂಜೆ ಸುತ್ತಿ ಬಂದ ಜಾಕೆಟಿಗೂ ಹಿಂಡಿದ ಒದ್ದೆ ಬಟ್ಟೆಯ ಒಂದು ಒರೆಸು ಬೇಕು. ಚರ್ಮದ ಮೇಲೆ ಕೂತ ಉಪ್ಪು ತೇವ ಎಳೆಯುತ್ತಲೇ ಇರುತ್ತದೆ.

ಕೈ ಹಾಕದೆ ನಿಲ್ಲಿಸಬೇಕಾದ ಸೂಚನೆಗಳು

ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಹತ್ತುತ್ತಿದ್ದರೆ ಚರ್ಮದ ನಾರೇ ಕರಗುತ್ತಿದೆ. ತೊಗಟೆಯಿಂದ ಹದ ಮಾಡಿದ ತುಂಬಾ ಹಳೆಯ ಚರ್ಮದಲ್ಲಿ ಹೀಗಾಗುತ್ತದೆ. ನೀರು ತಾಗಿದರೆ ಅಲ್ಲಿ ಕಪ್ಪಾಗಿ ಗಟ್ಟಿಯಾಗುತ್ತದೆ. ಇದು ವಾಸಿಯಾಗುವ ರೋಗವಲ್ಲ, ಒಣ ಜಾಗದಲ್ಲಿ ಹತ್ತಿ ಬಟ್ಟೆಯಲ್ಲಿ ಮಲಗಿಸಿ ಇಡಿ.

ಹೊಲಿಗೆ ಪಕ್ಕದಲ್ಲಿ ಎಳೆದರೆ ಕಾಗದದಂತೆ ಹರಿಯುತ್ತಿದ್ದರೆ ತೊಡುವುದನ್ನು ನಿಲ್ಲಿಸಿ. ಒರೆಸಿ ಒಣಗಿಸಿದ ಮೇಲೂ ಹತ್ತು ದಿನದೊಳಗೆ ಅದೇ ಜಾಗದಲ್ಲಿ ಬೂಷ್ಟು ಮರಳಿದರೆ ಲೈನಿಂಗ್ ಮತ್ತು ಚರ್ಮದ ನಡುವೆ ಅದು ಬೇರೂರಿದೆ. ಆಗ ಚರ್ಮದ ಕೆಲಸ ಬಲ್ಲ ಟೈಲರ್ ಹತ್ತಿರ ಕೆಳಗಿನ ಅಂಚಿನಲ್ಲಿ ಲೈನಿಂಗ್ ಬಿಚ್ಚಿಸಿ, ಒಳಗಿನಿಂದ ಒರೆಸಿ, ಪೂರ್ತಿ ಒಣಗಿಸಿ ಹೊಸ ಹತ್ತಿ ಲೈನಿಂಗ್ ಹಾಕಿಸಿ. ಹಳೆಯ ಲೈನಿಂಗ್‌ನಲ್ಲಿ ಲೇಬಲ್ ಇದ್ದರೆ ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡು, ಅದೇ ಜಾಗಕ್ಕೆ ಕೈ ಹೊಲಿಗೆಯಲ್ಲಿ ವಾಪಸ್ ಹೊಲಿಯಲು ಹೇಳಿ.